ಬಿಳಿ ಕಮೋಡಿನ ಸಾಕ್ಷಿ

ಬೆಳಗೊಳದ ಕರಿಯಪ್ಪನಂಥ ಧೈರ್ಯವಂತ ಕನ್ನಂಬಾಡಿಯಿಂದ ಹಿಡಿದು ಕಾವೇರಿ ಸಮುದ್ರ ಸೇರುವವರೆಗೂ ಇನ್ನೊಬ್ಬನಿಲ್ಲ. ಅಂಥವನನ್ನು ಕೆಡವಿದ್ದು ಕಬ್ಬಿನ ಕಟಾವು. ಮನೆ ಹಿಂದಿನ ಗದ್ದೆ ಬಯಲಾಯಿತು. ಅರವತ್ತು ವರ್ಷ ಮಬ್ಬುಗತ್ತಲಲ್ಲಿ ಕಬ್ಬಿನ ಮರೆಗೆ ಹೋಗುತ್ತಿದ್ದವನು ಅಂದು ಮೊದಲ ಸಲ, ಸೊಸೆ ಹಾಕಿಸಿದ್ದ ಬಿಳಿ ಕಮೋಡಿನ ಮೇಲೆ ಕೂತ. ಎದ್ದು ನೋಡಿದರೆ ಒಳಗೆ ಟಾರು.

"ಅಮಾಸೆ ಅಂಗೈತೆ ಕಣ್ಲಾ," ಅಂದ ಪಕ್ಕದ ಮನೆ ಪುಟ್ಟಸ್ವಾಮಿಗೆ. ಪುಟ್ಟಸ್ವಾಮಿ ನೋಡಿದ, ಕುಳ್ಳಯ್ಯನನ್ನೂ ಕರೆದ. ಗಳಿಗೆಯಲ್ಲಿ ಕಕ್ಕಸಿನ ಮುಂದೆ ವೈಕುಂಠ ಏಕಾದಶಿಯ ಸಾಲು.

"ಕಪ್ಪು ಅಂದ್ರೆ ಒಳಗೆ ರಕ್ತ ಸೋರ್ತದೆ. ಕರುಳು ಕ್ಯಾನ್ಸರ್ರೇಯ," ಅಂದ ಕುಳ್ಳಯ್ಯ, ಹಸು ಗಬ್ಬ ಆಗಿದೆ ಅನ್ನುವಷ್ಟು ಸಲೀಸಾಗಿ.

ಕರಿಯಪ್ಪ ಪುಟ್ಟಸ್ವಾಮಿಯತ್ತ ತಿರುಗಿದ. "ಊಟದಲ್ಲಿ ಕಬ್ಬಿಣ, ಸತು ಕಮ್ಮಿಯಾದ್ರೆ ಆ ರೋಗ ಬತ್ತದೆ ಅಂತ ಮೊಬೈಲ್ನಾಗೆ ಓದಿದ್ದು ನೀನೇ ಅಲ್ವೇನ್ಲಾ? ಎಲ್ಡು ತಿಂಗಳಿಂದ ದಿನಾ ಕಬ್ಬಿಣದ ಮಾತ್ರೆ ನುಂಗ್ತಾ ಇವ್ನಿ."

"ಲೇಟಾಗಿ ಸುರು ಮಾಡ್ದೆ ಬುಡು."

ಹೆಂಡತಿ ಬೆಟ್ಟಮ್ಮ ಅಳು ತೆಗೆದಳು. ಕುಳ್ಳಯ್ಯನ ಗೂಡ್ಸ್ ಆಟೋದಲ್ಲಿ, ಹಿಂಡಿ ಮೂಟೆಗಳ ಮೇಲೆ, ಬದುಕಿರುವಾಗಲೇ ಮೆರವಣಿಗೆ ಕೆ.ಆರ್.ಎಸ್. ಆಸ್ಪತ್ರೆ ತಲುಪಿತು.

ಡಾಕ್ಟರ್ ವನಮಾಲಾ ರಕ್ತ ತೆಗೆಸಿ, ಕತೆ ಕೇಳಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ಕಬ್ಬಿಣದ ಮಾತ್ರೆ ನುಂಗಿದ್ರೆ ಕಪ್ಪಗೇ ಹೋಗೋದು, ಯಜಮಾನ್ರೇ."

ಕುಳ್ಳಯ್ಯ ಆಚೆ ಓಡಿ ಊರಿಗೇ ಫೋನು ಹಚ್ಚಿದ. "ಏನೂ ಇಲ್ವಂತೆ. ಮರಿ ಕುಯ್ರಿ, ಬಾಡೂಟ ಆಗೋಗ್ಲಿ."

ಒಳಗೆ ರಕ್ತದ ಚೀಟಿ ಬಂತು. ಡಾಕ್ಟರ ನಗು ನಿಂತಿತು.

"ಮಾತ್ರೆ ಒಂದು ದಿನಾನೂ ತಪ್ಪಿಸಿಲ್ವಾ?"

"ಇಲ್ಲ ಕಣವ್ವ."

"ಹುಲ್ಲಿನ ಹೊರೆ ಎತ್ತಿದ್ರೆ ಏದುಸಿರು ಬರುತ್ತಾ?"

"ಊಂ. ವಯಸ್ಸಾಯ್ತಲ್ಲ."

"ಎರಡು ತಿಂಗಳು ನುಂಗಿದ್ರೂ ರಕ್ತ ಬರೀ ಏಳು ಗ್ರಾಂ ಇದೆ, ಹದಿಮೂರಾದ್ರೂ ಇರಬೇಕಿತ್ತು. ಒಳಗೆಲ್ಲೋ ಸೋರ್ತಿರಬಹುದು. ಮಾತ್ರೆಯ ಕಪ್ಪಿನಲ್ಲಿ ಅದು ಗೊತ್ತಾಗಲ್ಲ. ಕ್ಯಾನ್ಸರ್ರೇ ಅಂತಲ್ಲ, ಆದ್ರೆ ಕರುಳಿಗೆ ಕ್ಯಾಮೆರಾ ಬಿಟ್ಟು ನೋಡ್ಲೇಬೇಕು. ನಾಡಿದ್ದೇ ಮೈಸೂರಿಗೆ ಹೋಗಿ. ಹಿಂದಿನ ದಿನ ಗಟ್ಟಿ ಊಟ ಮಾಡಬಾರದು, ಕರುಳು ಖಾಲಿ ಇರಬೇಕು."

ಕರಿಯಪ್ಪ ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟ. ಆಚೆ ಬೆಟ್ಟಮ್ಮ ಕಣ್ಣೊರೆಸಿಕೊಂಡು ನಗುತ್ತಿದ್ದಳು. ಅವಳ ಮುಖವನ್ನು ಸ್ವಲ್ಪ ಹೊತ್ತು ನೋಡಿದ.

"ಮರಿ ಕುಯ್ದಾಯ್ತು ಕಣಣ್ಣೋ, ನಾಳಿಕೆ ಊಟ," ಅಂದ ಕುಳ್ಳಯ್ಯ. "ತೊಡೆ ನಿನಗೇ."

"ನೀವು ಉಣ್ರಪ್ಪ," ಅಂದ ಕರಿಯಪ್ಪ, ಮೂಟೆ ಹತ್ತಿ ಕೂರುತ್ತಾ. "ನಂಗೆ ನಾಳೆ ಬರೀ ಗಂಜಿ ತಿಳಿಯಂತೆ."