ಅನುಭವಸ್ಥ ಡ್ರೈವರ್ ಬೇಕಾಗಿದ್ದಾನೆ

ಉಡಚಪ್ಪನ ಎಲ್ಲ ತಾಪತ್ರಯಕ್ಕೂ ಮೂಲ ಒಂದೇ ಒಂದು ಪ್ರಶ್ನೆ. "ನಡುವ ಹದಿನಾಲ್ಕು ತಿಂಗಳು ಎಲ್ಲಿದ್ದಿ?"

ಇಪ್ಪತ್ತೆರಡು ವರ್ಷ ಲಾರಿ ಓಡಿಸಿದ ಮನುಷ್ಯ. ಘಟ್ಟದ ತಿರುವಿಗೆ ಹೆದರಿದವನಲ್ಲ, ಚೆಕ್‌ಪೋಸ್ಟಿಗೆ ಹೆದರಿದವನಲ್ಲ. ಈ ಪ್ರಶ್ನೆ ಬಂದರೆ ಮಾತ್ರ ಅವನ ನಾಲಿಗೆ ನ್ಯೂಟ್ರಲ್ಲಿಗೆ ಬಂದು ನಿಲ್ಲುತ್ತಿತ್ತು. ಏಕೆಂದರೆ ಆ ಹದಿನಾಲ್ಕು ತಿಂಗಳು ಅವನು ಧಾರವಾಡದ ಜೈಲಿನಲ್ಲಿದ್ದ. ತೌಡಿನ ಚೀಲ ಎಂದು ಹೇಳಿ ಮಾಲೀಕ ಲಾರಿಗೆ ಹೇರಿಸಿದ್ದ. ಪೊಲೀಸರು ಇಳಿಸಿ ನೋಡಿದಾಗ ಮೇಲಿನ ಸಾಲಿನಲ್ಲಷ್ಟೇ ತೌಡು, ಕೆಳಗೆಲ್ಲ ರೇಷನ್ ಅಕ್ಕಿ. "ನನಗೇನೂ ಗೊತ್ತಿಲ್ಲ" ಎಂದು ಮಾಲೀಕ ಹೇಳಿದ. "ನನಗೂ ಗೊತ್ತಿಲ್ಲ" ಎಂದು ಉಡಚಪ್ಪನೂ ಹೇಳಿದ. ಮಾಲೀಕನ ಪಕ್ಕದಲ್ಲಿ ವಕೀಲರಿದ್ದರು, ಉಡಚಪ್ಪನ ಪಕ್ಕದಲ್ಲಿ ಚೀಲಗಳಿದ್ದವು. ಉಳಿದದ್ದನ್ನು ಬಿಡಿಸಿ ಹೇಳುವ ಅಗತ್ಯವಿಲ್ಲ.

ಹೊರಗೆ ಬಂದು ಏಳು ತಿಂಗಳಾಗಿತ್ತು. ರೋಣದಲ್ಲಿ ಕೇಳಿದ್ದಾಯಿತು, ಗಜೇಂದ್ರಗಡದಲ್ಲಿ ಕೇಳಿದ್ದಾಯಿತು. ಗಜೇಂದ್ರಗಡದ ಒಬ್ಬ ಲಾರಿ ಮಾಲೀಕ ಚಹಾ ಕುಡಿಸಿ, ಪಗಾರ ಮಾತಾಡಿ, ಕಡೆಗೆ ಈ ಪ್ರಶ್ನೆ ಕೇಳಿದ್ದ. ಉಡಚಪ್ಪ ಇದ್ದದ್ದನ್ನು ಹೇಳಿದ. ಆ ಪುಣ್ಯಾತ್ಮ ಬೈಯಲಿಲ್ಲ, ಎದ್ದು ಹೋಗು ಎನ್ನಲಿಲ್ಲ. ಮೇಜಿನ ಮೇಲಿದ್ದ ತನ್ನ ಮೊಬೈಲನ್ನು ಎತ್ತಿ ಕಿಸೆಗೆ ಹಾಕಿಕೊಂಡ, ಅಷ್ಟೇ. ಉಡಚಪ್ಪ ತಾನಾಗಿ ಎದ್ದು ಬಂದ.

ಮನೆ ನಡೆಸುತ್ತಿದ್ದವಳು ಹೆಂಡತಿ ಗುಡ್ಡವ್ವ. ಮೊಣಕಾಲು ನೋವಿನವಳು, ಬೆಳಗಿನ ಆರಕ್ಕೆಲ್ಲ ಹೆಣ್ಣಾಳುಗಳ ಟೆಂಪೋ ಹತ್ತಿ ರಾಜೂರ ಕಡೆಯ ಹೊಲಗಳಿಗೆ ಕಳೆ ತೆಗೆಯಲು ಹೋಗುತ್ತಿದ್ದಳು. ಒಂದು ದಿನವೂ ಗಂಡನನ್ನು ಅಂದವಳಲ್ಲ. ಅಂದಿದ್ದರೆ ಚೆನ್ನಾಗಿತ್ತು ಎಂದು ಉಡಚಪ್ಪನಿಗೆ ಅನಿಸುತ್ತಿತ್ತು. ತನಗೊಂದು ಸ್ಟೇರಿಂಗ್ ಸಿಕ್ಕರೆ ಸಾಕು, ಇವಳು ಆ ಟೆಂಪೋ ಹತ್ತುವುದನ್ನು ಬಿಡಿಸಬೇಕು. ಏಳು ತಿಂಗಳಿಂದ ಅವನಿಗಿದ್ದ ಆಸೆ ಇದೊಂದೇ.

ಹೀಗಿರುವಾಗ ಒಂದು ಬೆಳಿಗ್ಗೆ ಏಳಕ್ಕೆ ನರಗುಂದದಿಂದ ಫೋನು ಬಂತು. ಪ್ರಭುಲಿಂಗಪ್ಪ ಅಂತ, ನಾಲ್ಕು ಲಾರಿಗಳ ಸಾವಕಾರ.

"ನನಗ ಇವತ್ತ ಡ್ರೈವರ್ ಬೇಕು. ನಾಳಿ ಅಲ್ಲ, ಇವತ್ತ. ನಿನ್ನ ಬಲ್ಲಾವ್ರು ಇಬ್ಬರನ್ನ ಕರಕೊಂಡು ಬಾ. ಅವ್ರ ಕೂಡ ಮಾತಾಡಿ ಆಮ್ಯಾಲ ನಿನ್ನ ಕೂಡ ಮಾತಾಡ್ತೇನಿ."

ಲಾರಿ ಸಾವಕಾರರ ಪದ್ಧತಿಯೇ ಹಾಗೆ. ಲೈಸೆನ್ಸನ್ನು ನಂಬುವುದಿಲ್ಲ, ಓಣಿಯವರ ಬಾಯನ್ನು ನಂಬುತ್ತಾರೆ. ಉಡಚಪ್ಪನ ಓಣಿಯಲ್ಲಿ ಬಾಯಿಗೇನೂ ಬರವಿರಲಿಲ್ಲ. ಎಡಮನೆಯ ಟೇಲರ್ ಫಕೀರಸಾಬ ಅಳತೆ ತೆಗೆಯುವಾಗಲೂ ಮಾತಾಡುವವನು, ಅದಕ್ಕೇ ಅವನು ಹೊಲಿದ ಅಂಗಿಗಳಲ್ಲಿ ಒಂದು ತೋಳು ಗಿಡ್ಡ. ಬಲಮನೆಯ ಮುತ್ತಣ್ಣ ನಿವೃತ್ತ ಕಂಡಕ್ಟರ್. ಇಬ್ಬರೂ ಕರೆಯುವ ಮೊದಲೇ ಚಪ್ಪಲಿ ಮೆಟ್ಟಿ ನಿಂತಿದ್ದರು.

ಬಸ್ಸಿನಲ್ಲಿ ಮುತ್ತಣ್ಣ ಅಭ್ಯಾಸಬಲದಿಂದ ನಾಲ್ಕು ಮಂದಿಗೆ "ಒಳಗ ಸರೀರಿ" ಎಂದು ಹೇಳಿ, ಆಮೇಲೆ ಕೂತ.

"ಹದಿನಾಲ್ಕು ತಿಂಗಳು ಎಲ್ಲಿದ್ದಿ ಅಂದ್ರ ಏನ್ ಹೇಳ್ತಿ?" ಫಕೀರಸಾಬ ಕೇಳಿದ.

"ಖರೇ ಹೇಳಿದ್ರಾತು ಬಿಡ್ರಿ ಚಾಚಾ."

"ಖರೇ ಹೇಳೇ ಏಳು ತಿಂಗಳು ಮನ್ಯಾಗ ಕುಂತಿ. ಇನ್ನೆಷ್ಟ ಕುಂದ್ರಾವ? ನೋಡು, ನೀ ಸೌದಿಗೆ ಹೋಗಿದ್ದಿ. ಅಲ್ಲೆ ಟ್ರೇಲರ್ ಓಡಸ್ತಿದ್ದಿ. ಯಾರರ ಹೋಗಿ ನೋಡಿ ಬರ್ತಾರೇನು?"

"ಪಾಸ್‌ಪೋರ್ಟ್ ತೋರ್ಸು ಅಂದ್ರ?" ಮುತ್ತಣ್ಣ ಅಡ್ಡ ಹಾಕಿದ. "ಮಠದ ಗಾಡಿ ಓಡಸ್ತಿದ್ದ ಅನ್ನೂನು. ಮಠ ಅಂದ್ರ ಯಾರೂ ಮುಂದಕ್ಕ ಕೇಳೂದಿಲ್ಲ, ಕೈ ಮುಗದು ಸುಮ್ನಾಗ್ತಾರ."

ಇಬ್ಬರ ಜಗಳಕ್ಕೆ ಇಡೀ ಬಸ್ಸು ಕಿವಿಗೊಟ್ಟಿತು. ಹಿಂದಿನ ಸೀಟಿನ ಮುದುಕಿಯೊಬ್ಬಳು "ಸೌದೀನ ಚಲೋ ಐತಿ ನೋಡಪಾ" ಎಂದು ತೀರ್ಪು ಕೊಟ್ಟಳು. ನರಗುಂದ ಬರುವ ಹೊತ್ತಿಗೆ ಸೌದಿ ಎಂದು ಗಟ್ಟಿಯಾಯಿತು. ಹೋಗಿ ಬಂದವನನ್ನು ಮಾತ್ರ ಯಾರೂ ಕೇಳಲಿಲ್ಲ.

ಪ್ರಭುಲಿಂಗಪ್ಪ ಹಳೆಯ ಹುಲಿ. ಮೂವರನ್ನೂ ಒಟ್ಟಿಗೆ ಕರೆಯದೆ ಒಬ್ಬೊಬ್ಬರನ್ನೇ ಒಳಗೆ ಕರೆದ. ಮೊದಲು ಹೋದ ಫಕೀರಸಾಬ ಸೌದಿಯ ಬಿಸಿಲನ್ನೂ ಖರ್ಜೂರವನ್ನೂ ವರ್ಣಿಸಿ, ರಸ್ತೆಗೆ ಅಡ್ಡ ಬಂದ ಒಂಟೆಯೊಂದನ್ನು ಉಡಚಪ್ಪ ಬ್ರೇಕು ಹಾಕಿ ಉಳಿಸಿದ ಪ್ರಸಂಗವನ್ನೂ ಹೇಳಿ ಬೆವರು ಒರೆಸಿಕೊಂಡು ಹೊರಬಂದ. ಎರಡನೆಯದಾಗಿ ಹೋದ ಮುತ್ತಣ್ಣನಿಗೆ ಬಾಗಿಲು ದಾಟುತ್ತಲೇ ಪಾಸ್‌ಪೋರ್ಟಿನ ಭಯ ಹಿಡಿಯಿತು. ಸೌದಿಯನ್ನು ಅಲ್ಲಿಯೇ ಇಳಿಸಿ ಮಠ ಹತ್ತಿದ. ಸಾವಕಾರ ಯಾವ ಮಠ ಎಂದು ಕೇಳಿದ್ದಕ್ಕೆ ಗಾಬರಿಯಾಗಿ, ಮಠದ ಆನೆಗೆ ಕಬ್ಬು ತರುತ್ತಿದ್ದ ಎಂದು ಹೇಳಿ ಬಂದ.

ಇದೊಂದೂ ಗೊತ್ತಿಲ್ಲದ ಉಡಚಪ್ಪ ಕಡೆಗೆ ಒಳಗೆ ಹೋದ.

"ನಿನ್ನ ಮಂದಿ ಭಾಳ ಚಲೋ ಅದಾರಪಾ" ಎಂದ ಪ್ರಭುಲಿಂಗಪ್ಪ. "ಒಬ್ಬ ನಿನ್ನ ಒಂಟಿ ಮುಂದ ನಿಂದ್ರಿಸಿದ, ಇನ್ನೊಬ್ಬ ಆನಿ ಹಿಂದ ನಿಂದ್ರಿಸಿದ. ನೀ ಏನ್ ಹೇಳ್ತಿ? ಹದಿನಾಲ್ಕು ತಿಂಗಳು ಎಲ್ಲಿದ್ದಿ?"

ಉಡಚಪ್ಪನಿಗೆ ಸಾಕಾಗಿ ಹೋಗಿತ್ತು. ಸುಳ್ಳು ಹೇಳಲು ಕೂಡ ಮೈಯಲ್ಲಿ ಕಸುವು ಬೇಕು, ಅದು ಅವನಲ್ಲಿ ಉಳಿದಿರಲಿಲ್ಲ. "ಜೈಲಿನಾಗಿದ್ದೆರಿ ಸಾವಕಾರ್ರ. ರೇಷನ್ ಅಕ್ಕಿ ಕೇಸು. ನಾ ಬರ್ತೇನ್ರಿ" ಎಂದು ಎದ್ದೇಬಿಟ್ಟ.

"ಕುಂದರು" ಎಂದ ಸಾವಕಾರ. ಮೇಜಿನ ಮೇಲೆ ಎರಡು ಮೊಬೈಲುಗಳಿದ್ದವು, ಮುಟ್ಟಲಿಲ್ಲ. ಬದಲಿಗೆ ಎದ್ದು ಹೋಗಿ ಬಾಗಿಲು ಮುಂದೆ ಮಾಡಿ ಬಂದ. ಚಹಾ ತರಿಸಿದ, ಚಹಾದ ಜೊತೆ ಮಿರ್ಚಿ ತರಿಸಿದ. "ಅಲ್ಲೆ ಊಟ ನಿನಗ ಮೈಗೆ ಹತ್ತಿತ್ತೇನು?"

"ಊಟಕ್ಕೇನ್ರಿ, ಹೊಟ್ಟಿ ತುಂಬತಿತ್ರಿ."

"ಬಿಪಿ, ಶುಗರ್?"

"ಇಲ್ರಿ."

"ಪೊಲೀಸ್ರ ಮುಂದ, ಜಡ್ಜ್ ಸಾಹೇಬ್ರ ಮುಂದ ಗಾಬ್ರಿ ಆಗ್ತಿಯೇನು?"

"ಈಗೆಲ್ಲಾ ರೂಢಿ ಆಗೇತ್ರಿ."

"ಶಾಬಾಸ್. ನಿನಗ ಕೆಲಸ ಕೊಟ್ಟೆ. ಪಗಾರ ಬ್ಯಾರೇದವ್ರು ಕೊಡೂದ್ರ ದುಪ್ಪಟ್ಟು."

ಏಳು ತಿಂಗಳಲ್ಲಿ ಮೊದಲ ಸಲ ಉಡಚಪ್ಪನ ಕಣ್ಣು ತುಂಬಿ ಬಂತು. ಖರೇ ಹೇಳಿದ್ದಕ್ಕೆ ಕೆಲಸ ಸಿಕ್ಕಿತಲ್ಲ, ಜಗತ್ತಿನಲ್ಲಿ ಇಂಥವರೂ ಇದ್ದಾರಲ್ಲ. ಬಾಗಿಲಿಗೆ ಕಿವಿ ಹಚ್ಚಿದ್ದ ಫಕೀರಸಾಬ ಅಷ್ಟು ಕೇಳಿದ್ದೇ ತಡ ಗುಡ್ಡವ್ವನಿಗೆ ಫೋನು ಹಚ್ಚಿ, ದುಪ್ಪಟ್ಟು ಪಗಾರದ ಸುದ್ದಿಯನ್ನು ರಾಜೂರಿನ ಹೊಲಕ್ಕೆಲ್ಲ ಕೇಳುವಂತೆ ಕೂಗಿದ. ನಾಳೆಯಿಂದ ನಾನು ಬರುವುದಿಲ್ಲ ಎಂದು ಗುಡ್ಡವ್ವ ಜೊತೆಯ ಹೆಂಗಸರಿಗೆ ಹೇಳಿದ್ದು ಫೋನಿನಲ್ಲಿ ಫಕೀರಸಾಬನ ಕಿವಿಗೂ ಬಿತ್ತು.

ಒಳಗೆ ಉಡಚಪ್ಪ ಕೈ ಚಾಚಿದ. "ಚಾವಿ ಕೊಡ್ರಿ. ಈಗಿಂದೀಗ ಗಾಡಿ ನೋಡ್ಕೋತೇನಿ."

"ಚಾವಿ ಯಾಕ? ಗಾಡಿ ಪೊಲೀಸ್ರ ಕಡೆ ಐತಿ. ನೀನೂ ಅಲ್ಲೇ ಹೋಗೂದು."

ಪ್ರಭುಲಿಂಗಪ್ಪ ತಗ್ಗಿದ ದನಿಯಲ್ಲಿ ವಿವರಿಸಿದ. ಮೊನ್ನೆ ಸಂಜೆ ಅವನ ಮಗ ಕುಡಿದು, ಲೈಸೆನ್ಸಿಲ್ಲದೆ ಲಾರಿ ಹೊಡೆದುಕೊಂಡು ಹೋಗಿ, ಕೊಣ್ಣೂರಿನ ಹತ್ತಿರ ಪೊಲೀಸ್ ಜೀಪಿಗೇ ಗುದ್ದಿ, ಗಾಡಿ ಬಿಟ್ಟು ಓಡಿ ಬಂದಿದ್ದ. ಇಬ್ಬರು ಪೊಲೀಸರು ಕಾಲು ಮುರಿದುಕೊಂಡು ದವಾಖಾನೆಯಲ್ಲಿದ್ದರು. ಇವತ್ತು ಸಂಜೆ ಐದರೊಳಗೆ ಡ್ರೈವರನ್ನು ಹಾಜರು ಮಾಡಬೇಕು.

"ಹೊಸಬ್ರನ್ನ ಕಳಿಸಿದ್ರ ಸ್ಟೇಷನ್ ಮೆಟ್ಟಲಾ ಏರೂದ್ರಾಗ ಅಳಕೋತ ಎಲ್ಲಾ ಒದರಿ ಬಿಡ್ತಾರ. ನಿನಗ ಅನುಭವ ಐತಿ, ಅದಕ್ಕ ಹುಡುಕಿ ಕರಸಿದೆ. ಏನಿಲ್ಲ, ಮೊನ್ನಿ ಗಾಡಿ ನಾನ ಓಡಸ್ತಿದ್ದೆ ಅಂದ್ರ ಮುಗೀತು. ನೀ ಒಳಗ ಇರೂತನಕಾ ತಿಂಗಳಾ ಒಂದನೇ ತಾರೀಕಿಗೆ ಪಗಾರ ನಿನ್ನ ಮನೀಗೆ ಬರ್ತತಿ. ಹೆಂಡ್ತಿನ್ನ ಆರಾಮ ಮನ್ಯಾಗ ಕುಂದ್ರಸು."

ಉಡಚಪ್ಪ ಕೂಡಲೇ ಇಲ್ಲ ಎನ್ನಲಿಲ್ಲ. ಅನ್ನುವಂತಿರಲಿಲ್ಲ. ಏಳು ತಿಂಗಳಿಂದ ಬೇಡಿಕೊಂಡದ್ದು ಕೈಗೆ ಬಂದಿತ್ತು, ಗುಡ್ಡವ್ವ ನಾಳೆ ಮನೆಯಲ್ಲಿ ಕೂರಬಹುದಿತ್ತು. ಆದರೆ ಹಿಂದಿನ ಸಲ ತಾನು ಒಳಗಿದ್ದಾಗ ಅವಳು ಹದಿನೈದು ದಿನಕ್ಕೊಮ್ಮೆ ಧಾರವಾಡಕ್ಕೆ ಬಂದು, ಭೇಟಿಯ ಸಾಲಿನಲ್ಲಿ ತಾಸುಗಟ್ಟಲೆ ನಿಲ್ಲುತ್ತಿದ್ದಳು. ಆ ಮೊಣಕಾಲು ಕೆಟ್ಟದ್ದು ಹೊಲದಲ್ಲಲ್ಲ, ಆ ಬಾಗಿಲ ಮುಂದೆ. ಅದು ನೆನಪಾಗಿ ಅವನು ಕೈಯಲ್ಲಿದ್ದ ಮಿರ್ಚಿಯನ್ನು ತಟ್ಟೆಗೆ ಮರಳಿ ಇಟ್ಟ.

"ಒಲ್ಲೆರಿ ಸಾವಕಾರ್ರ. ಗಾಡಿ ಓಡಸೂದಿದ್ರ ಹೇಳ್ರಿ, ಅರ್ಧಾ ಪಗಾರಕ್ಕ ಬರ್ತೇನಿ."

"ಐದರ ತನಕಾ ಟೈಮ್ ಐತಿ. ನೀ ಒಲ್ಲಿ ಅಂದ್ರ ಬ್ಯಾರೆ ಯಾರರ ಇದ್ರ ಕಳಸು" ಎಂದು ಪ್ರಭುಲಿಂಗಪ್ಪ ಉಳಿದ ಮಿರ್ಚಿಯ ತಟ್ಟೆಯನ್ನು ತನ್ನ ಕಡೆ ಎಳೆದುಕೊಂಡ.

ಮರಳುವ ಬಸ್ಸಿನಲ್ಲಿ ಎಲ್ಲ ಕೇಳಿ ತಿಳಿದುಕೊಂಡ ಓಣಿಯ ಹಿರಿಯರಿಬ್ಬರೂ ಅವನನ್ನು ಬಿಡಲಿಲ್ಲ.

"ಟೈರ್ ಪಂಚರ್ ಆಗೂದಿಲ್ಲ, ನಿದ್ದಿಗೆಡೂದಿಲ್ಲ, ಲೋಡ್ ಇಲ್ಲ" ಎಂದ ಫಕೀರಸಾಬ. "ಇಂಥಾ ಡ್ರೈವರ್ ಕೆಲಸ ಯಾರಿಗೆ ಸಿಗತೈತೋ? ಮನೀಗೆ ಬಂದ ಲಕ್ಷ್ಮೀನ ಒದ್ದಿ."

"ನಿಮ್ಮ ಸೌದಿಕಿಂತಾ ಚಲೋ ಇತ್ತು ಬಿಡ್ರಿ" ಎಂದು ಉಡಚಪ್ಪ ಕಿಟಕಿಗೆ ತಲೆಕೊಟ್ಟು ಕಣ್ಣು ಮುಚ್ಚಿದ. ಹಿಂದಿನ ಸೀಟಿನಲ್ಲಿ ಮುತ್ತಣ್ಣ ಯಾರೊಂದಿಗೋ ಫೋನಿನಲ್ಲಿ ಪಿಸುಗುಟ್ಟುತ್ತಿದ್ದ. ಏನು ಎಂದು ಕೇಳುವ ಚೈತನ್ಯ ಉಡಚಪ್ಪನಿಗಿರಲಿಲ್ಲ.

ಗುಡ್ಡವ್ವ ಸಂಜೆ ಆರಕ್ಕೆ ಕುಂಟುತ್ತ ಬಂದಳು. ಕೈಯಲ್ಲಿ ಸಿಹಿ ಬುಂದೆಯ ಪುಡಿಕೆ. "ಟೆಂಪೋ ಬರ್ಲೇ ಇಲ್ರಿ ಇವತ್ತ. ಹಾದೀ ಕಾದು ಕಾದು ಬಸ್ಸಿಗೆ ಬಂದಿವಿ. ಇರ್ಲಿ ಬಿಡ್ರಿ, ನಾಳಿಂದ ಅದರ ಗೊಡವಿ ಇಲ್ಲಲ್ಲ" ಎಂದು ನಕ್ಕಳು.

ಉಡಚಪ್ಪ ಒಂದೂ ಮುಚ್ಚಿಡದೆ ಎಲ್ಲ ಹೇಳಿದ. ಅವಳು ಪುಡಿಕೆ ಬಿಚ್ಚುತ್ತಿದ್ದ ಕೈಯನ್ನು ನಿಲ್ಲಿಸಿ ಪೂರ್ತಿ ಕೇಳಿದಳು. ಆಮೇಲೆ ಬಿಚ್ಚಿಯೇ ಬಿಟ್ಟಳು. "ಮನೀಗೆ ಬಂದ್ರಲ್ಲ, ಅಷ್ಟ ಸಾಕು. ತಿನ್ರಿ. ನಾ ನಾಳಿ ಮತ್ತ ಹೋಗ್ತೇನಿ, ಅದೇನ್ ದೊಡ್ಡದು."

ಅಷ್ಟರಲ್ಲಿ ಟೆಂಪೋ ಮಾಲೀಕ ಮಲಿಕಸಾಬ ಬಾಗಿಲಿಗೆ ಬಂದ. ಬಡವ ಒಂದೇ ದಿನದಲ್ಲಿ ಸೊರಗಿ ಹೋಗಿದ್ದ.

"ಗುಡ್ಡವ್ವ, ನಾಳಿ ಟೆಂಪೋ ಇಲ್ಲವಾ. ನಮ್ಮ ಡ್ರೈವರ್ ರಾಜರತ್ನ ಮಧ್ಯಾನ ಚಾವಿ ತಂದು ಒಗದು ಹೋದ. ಮುತ್ತಣ್ಣ ಫೋನ್ ಮಾಡಿ ನರಗುಂದದಾಗ ಏನೋ ದೊಡ್ಡ ಕೆಲಸ ಐತಿ ಅಂದ್ನಂತ. ದುಪ್ಪಟ್ಟು ಪಗಾರಂತ. ಐದಕ್ಕ ಹಾಜರಾಗಬೇಕು ಅಂತ ಬೈಕ್ ಹತ್ತಿ ಓಡಿದ."

ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಿದರು. ರಾಜರತ್ನ ಹತ್ತಿದ್ದು ಯಾವ ಸ್ಟೇಷನ್ನಿನ ಮೆಟ್ಟಿಲು ಎಂದು ಉಡಚಪ್ಪನಿಗೆ ಹೊಳೆದು, ಅಯ್ಯೋ ಪಾಪ ಎನಿಸಿತು. ಆದರೆ ಗುಡ್ಡವ್ವನ ಕಣ್ಣು ಆಗಲೇ ಬೇರೆ ಕಡೆ ಹೋಗಿತ್ತು. ಟೆಂಪೋಕ್ಕೆ ಡ್ರೈವರಿಲ್ಲ, ತನ್ನ ಗಂಡ ಇಪ್ಪತ್ತೆರಡು ವರ್ಷದ ಡ್ರೈವರು. ಮೆಲ್ಲಗೆ ಗಂಡನನ್ನು ಮೊಣಕೈಯಿಂದ ತಿವಿದಳು. ಉಡಚಪ್ಪ ಅಂಗಿ ಸರಿಮಾಡಿಕೊಂಡು ಎದ್ದು ನಿಂತ.

"ಮಲಿಕಣ್ಣಾ, ಮತ್ತ ನಾ ಇದ್ದೇನಲ್ಲ..."

ಮಲಿಕಸಾಬ ನೆಲ ನೋಡಿದ. ಒಳ್ಳೆಯ ಮನುಷ್ಯ, ಪಾಪ.

"ಸಿಟ್ಟಾಗಬ್ಯಾಡ ಉಡಚಪ್ಪಣ್ಣ. ಹೆಣ್ಮಕ್ಕಳು ಕುಂದ್ರೂ ಗಾಡಿ. ಜೈಲಿಗೆ ಹೋಗಿ ಬಂದಾವ್ನ ಹಚ್ಚಿದ್ರ ಮಂದಿ ನನ್ನ ಏನಂತಾರ ಹೇಳು? ನನಗ ರಾಜರತ್ನನಂಥಾ ಹುಡುಗ ಬೇಕು ನೋಡು. ಅವನ ಮ್ಯಾಲ ಇಲ್ಲೀತನಕಾ ಒಂದು ಕೇಸ್ ಇಲ್ಲ."

ಉಡಚಪ್ಪ ಗೋಡೆಯ ಗಡಿಯಾರ ನೋಡಿದ. ಆರೂವರೆ.

"ಐದರ ತನಕಾ ಅವನ ಮ್ಯಾಲ ಕೇಸ್ ಇದ್ದಿಲ್ಲ ಬಿಡು" ಎಂದು ಕೂತು, ಬುಂದೆಗೆ ಕೈ ಹಾಕಿದ.