ರೋಮಾಪುರಿಯ ಮೀಸೆಪತನ

ಓ ವಾಗ್ದೇವಿಯೇ, ನನ್ನ ನಾಲಿಗೆಯ ಮೇಲೆ ಭದ್ರವಾಗಿ ಕೂರು. ನಡುವೆ ನಕ್ಕು ಮಾನ ಕಳೆಯಬೇಡ. ಹರಿದು ಹೋಳಾಗಿದ್ದ ಇಟಲಿಯನ್ನು ಒಂದಾಗಿ ಹೊಲಿಯಲು ಹೊರಟ ದೊರೆಯ ಸೈನ್ಯವು, ‘ರೋಮಾಪುರಿಯೇ ನಮ್ಮ ರಾಜಧಾನಿ’ ಎಂದು ಕೋಟೆಯ ಹೊರಗೆ ಫಿರಂಗಿ ಹೂಡಿ ನಿಂತಿರಲು, ‘ಕೊಡೆವು’ ಎಂದು ಪೋಪರ ಪಡೆ ಒಳಗೆ ಬಾಗಿಲು ಜಡಿದಿರಲು, ಆ ಯುಗಸಂಧಿಯ ಮುಂಜಾವಿನಲ್ಲಿ ಪೋಪರ ಪರಮಭಕ್ತನೂ ಮೇಣದಬತ್ತಿಯ ವ್ಯಾಪಾರಿಯೂ ಆದ ಎರ್ಕೋಲೆಯು ಮೀಸೆ ತಿದ್ದಿಸಿಕೊಳ್ಳಲು ಕುಳಿತ ಕಥೆಯನ್ನು ಹೇಳುತ್ತೇನೆ.

ಎಂಥ ಮೀಸೆ ಅದು! ಘನಕೃಷ್ಣಕುಂಚಿತಪುಚ್ಛದ್ವಯಮಂಡಿತ ಮೀಸೆ! ಅಂದು ಸಂಜೆ ಮಗಳ ನಿಶ್ಚಿತಾರ್ಥ. ಬೀಗನಾಗಲಿದ್ದ ಓರೆಸ್ತೆಯೋ, ‘ಮೀಸೆ ನೋಡಿ ಮನೆತನ ಅಳೆಯುವವನು ನಾನು’ ಎಂದು ಊರೆಲ್ಲ ಸಾರಿಕೊಂಡವನು. ಎರಡು ತುದಿಗಳು ಸಮವಿಲ್ಲದಿದ್ದರೆ ಸಂಬಂಧ ಮುರಿದಂತೆಯೇ.

ಕರ್ತರೀಪಾಣಿಯೂ ಫೇನವಾರಿಧಿಮಥನನೂ ಆದ ಕ್ಷೌರಿಕ ನಾಂದೊ ದೊರೆಯ ಪಕ್ಷದವನು. “ಇವತ್ತು ಗೋಡೆ ಬೀಳುತ್ತೆ ಎರ್ಕೋಲೆಯಣ್ಣ, ಬರೆದಿಟ್ಕೋ. ನಾಳೆಯಿಂದ ನಂದು ರಾಜಧಾನಿಯ ಅಂಗಡಿ!” ಎಂದು ಕತ್ತರಿ ಝಳಪಿಸಿದ.

“ಎಲವೋ ಕತ್ತರಿವೀರ!” ಎಂದು ಎರ್ಕೋಲೆ ಗುಡುಗಿದ. “ಸೂರ್ಯಚಂದ್ರರು ದಾರಿ ತಪ್ಪಿದರೂ, ಟೈಬರ್ ನದಿಯು ಬೆಟ್ಟ ಹತ್ತಿದರೂ, ಈ ಕೋಟೆಯ ಒಂದು ಕಲ್ಲು, ಈ ಮೀಸೆಯ ಒಂದು ಕೂದಲು ಅಲುಗದು! ಎಡಗಡೆ ಸ್ವಲ್ಪ ನೋಡ್ಕೊಂಡು ತೆಗಿ ಮಾರಾಯ.”

ಢಂ! ಫಿರಂಗಿ ಹಾರಿತು. ನಾಂದೊನ ಕೈಯೂ ಹಾರಿತು. ಎಡಪುಚ್ಛವು ಮಡಿಲಿಗೆ ಬಿತ್ತು.

“ಅಯ್ಯೋ ಪಾಪಿ, ಏನ್ಮಾಡ್ದೆ!”

“ನಾನಲ್ಲಣ್ಣ, ಸೈನ್ಯ. ತಡಿ, ಬಲಗಡೆ ಸಮ ಮಾಡ್ತೀನಿ.”

ಬಲಗಡೆ ಸಮ ಮಾಡುವಾಗ ಮತ್ತೆ ಢಂ! ಈಗ ಬಲಗಡೆ ಮೋಟು. ಎಡಗಡೆ ಸಮ ಮಾಡಲು ಹೋದರೆ ಇನ್ನೊಂದು ಢಂ! ‘ಎದ್ದು ಮನೆಗೆ ಹೋಗಬಾರದಿತ್ತೇ’ ಎನ್ನುತ್ತೀರಾ? ನೀವಾಗಿದ್ದರೆ ಒಂದೂವರೆ ಮೀಸೆ ಇಟ್ಟುಕೊಂಡು ಬೀದಿಗೆ ಇಳಿಯುತ್ತಿದ್ದಿರಾ? ಸುಮ್ಮನೆ ಕೇಳಿ. ಹೊರಗೆ ಕೋಟೆ ಕರಗಿತು, ಒಳಗೆ ಮೀಸೆ ಕರಗಿತು. ಗೋಡೆ ಒಡೆದು ಬಿಳಿಬಾವುಟ ಏರುವ ಹೊತ್ತಿಗೆ ಎರ್ಕೋಲೆಯ ತುಟಿಯ ಮೇಲೆ ಏನೂ ಉಳಿದಿರಲಿಲ್ಲ.

ಗೆದ್ದ ನಾಂದೊ ಜಯಕಾರ ಹಾಕಲಿಲ್ಲ. “ನಮ್ಮೋರು ಗೆದ್ರು ಕಣಣ್ಣಾ... ಆದ್ರೆ ನಿನ್ನ ಮೀಸೆ!” ಎಂದು ಗೊಳೋ ಎಂದು ಅತ್ತ. ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎಂದುಕೊಳ್ಳುವ ಸಮಾಧಾನವೂ ಎರ್ಕೋಲೆಗೆ ಇರಲಿಲ್ಲ. ಪಾಪ, ಅವನೂ ಅತ್ತ.

ಮನೆಯಲ್ಲಿ ಹೆಂಡತಿ ಅಸ್ಸುಂತಾ ಹಣೆ ಚಚ್ಚಿಕೊಂಡಳು. “ಪೋಪರಾದ್ರೂ ಆಳ್ಲಿ, ದೊರೆಯಾದ್ರೂ ಆಳ್ಲಿ, ನನ್ ಮಗಳ ಗತಿ ಏನ್ರೀ? ಬೀಗ್ರು ಬಂದಾಗ ಕರವಸ್ತ್ರ ಅಡ್ಡ ಹಿಡ್ಕೊಂಡು ಕೆಮ್ತಾ ಇರಿ, ಅಷ್ಟೇ.”

ಸಂಜೆ ಬಾಗಿಲು ತೆರೆದು ಎರ್ಕೋಲೆ ಕೆಮ್ಮಿದ. ಹೊಸ್ತಿಲಾಚೆಯಿಂದಲೂ ಕೆಮ್ಮು ಕೇಳಿಸಿತು. ಓರೆಸ್ತೆ ಕರವಸ್ತ್ರ ಅಡ್ಡ ಹಿಡಿದು ನಿಂತಿದ್ದ. ಇಬ್ಬರೂ ಕೆಮ್ಮಿದರು, ಮತ್ತೂ ಕೆಮ್ಮಿದರು. ಕೊನೆಗೆ ಕೈಕುಲುಕದೆ ವಿಧಿಯಿರಲಿಲ್ಲ. ಎರಡು ಕರವಸ್ತ್ರಗಳೂ ಕೆಳಗಿಳಿದವು. ಎರಡು ಬೋಳುತುಟಿಗಳು ಒಂದನ್ನೊಂದು ನೋಡಿದವು.

“ನೀವೂ ಬೆಳಿಗ್ಗೆನೇ ಕೂತಿದ್ರಾ?” ಎಂದ ಓರೆಸ್ತೆ.

“ಹೂಂ.”

“ಇರ್ಲಿ ಬಿಡಿ, ಬೆಳೆಯುತ್ತೆ. ಹುಡುಗೀನ ಕರೀರಿ.”