ಮುತ್ತಜ್ಜಂದಿರು ಹತ್ತಿದ ಹಡಗು

ಫಳ್ನೀರಿನ ಕನ್ನಡಕದಂಗಡಿಯ ರುಡೊಲ್ಫ್‌ಗೆ ಒಂದೇ ಒಂದು ಹುಚ್ಚು, 'ಲೇಡಿ ಆಗ್ನೆಸ್'. ಹೆಂಚು, ಕಾಫಿ ಹೇರಿಕೊಂಡು ಮಂಗಳೂರಿನಿಂದ ಮುಂಬಯಿಗೆ ಹೋಗುತ್ತಿತ್ತೆನ್ನಲಾದ ಮೊದಮೊದಲ ಸ್ಟೀಮರು ಅದು. ಹಳೆಯ ಪತ್ರಿಕೆಯೊಂದರ ಎರಡು ಸಾಲು ಬಿಟ್ಟರೆ ಅದಕ್ಕೆ ದಾಖಲೆಯೇ ಇಲ್ಲ. ಅಂಥ ಹಡಗೇ ಇರಲಿಲ್ಲವೆಂದು ಮಣ್ಣಗುಡ್ಡದ ಅವನ ಫ್ಲ್ಯಾಟಿನವರೆಲ್ಲ ನಗುತ್ತಿದ್ದರು. ಅವತ್ತು ಸಂಜೆ ಚರ್ಚ್ ಹಾಲಿನಲ್ಲಿ ಅವನ ಭಾಷಣ. ಒಂದು ಚಿತ್ರವಾದರೂ ತೋರಿಸದಿದ್ದರೆ ವರ್ಷಗಟ್ಟಲೆ ಹುಡುಕಿದ್ದೆಲ್ಲ ನಗೆಪಾಟಲು.

ಹೆಂಡತಿ ನೆಲ್ಲಿ ಪಾಪ, ಸಹಾಯವಾಗಲಿ ಎಂದು ಬೆಳಿಗ್ಗೆ ವಾಟ್ಸ್ಯಾಪ್ ಗುಂಪಿನಲ್ಲಿ ಹಳೆಯ ಹಡಗಿನ ಫೋಟೋ ಯಾರಲ್ಲಾದರೂ ಉಂಟಾ ಎಂದು ಕೇಳಿಬಿಟ್ಟಳು.

ಮೇಲಿನ ಮಹಡಿಯ ಶಶಿಪ್ರಭಾ ಫೋಟೋ ಹಿಡಿದುಕೊಂಡೇ ಇಳಿದರು. ಅವರ ಮುತ್ತಜ್ಜ ಮುಂಡಾಸು ಸುತ್ತಿ ಹಡಗಿನ ಕಂಬಿಗೆ ಒರಗಿದ್ದರು. ಹಿಂದೆ ಹೊಗೆಕೊಳವೆ, ಕಡಲು, ಗಂಭೀರವಾದ ಹೊಗೆ. ರುಡೊಲ್ಫ್ ತೆರೆದ ಬಾಯಿ ಮುಚ್ಚಲಿಲ್ಲ. ಅಷ್ಟರಲ್ಲಿ ಕೆಳಮನೆಯ ನಾಝಿಮಾ ಬಂದರು. ಅದೇ ಕಂಬಿ, ಅದೇ ಹೊಗೆ, ಇವರ ಮುತ್ತಜ್ಜ! ದೇರೆಬೈಲಿನಿಂದ ನೆಲ್ಲಿಯ ಗೆಳತಿ ಜಾನೆಟ್ ತಂದದ್ದರಲ್ಲಿ ಅವಳ ಮುತ್ತಜ್ಜ ಮುತ್ತಜ್ಜಿ ಮದುಮಕ್ಕಳಾಗಿಯೇ ಹಡಗು ಹತ್ತಿದ್ದರು. ಊರಿಗೆ ಊರನ್ನೇ ಹೊತ್ತ ಹಡಗಲ್ಲವೇ ದೇವರೇ ಎಂದು ರುಡೊಲ್ಫ್ ಕೈಮುಗಿದ. ಯಾರ ಮುತ್ತಜ್ಜ ಮೊದಲು ಹತ್ತಿದ್ದೆಂದು ಹೆಂಗಸರೊಳಗೆ ಜಗಳ ಹತ್ತಿಕೊಂಡಿತು.

ಸಂಜೆ ಹಾಲ್ ತುಂಬಿತ್ತು. ಗೋಡೆಯ ಮೇಲೆ ಮೂರೂ ಫೋಟೋ ಮೂಡಿದಾಗ ಜನ ಕತ್ತು ಚಾಚಿ ನೋಡಿದರು. ಆಗ ಮುಂದಿನ ಸಾಲಿನಲ್ಲಿದ್ದ ಮುದುಕಿ ಲಿಲ್ಲಿಬಾಯಿ ನಿಧಾನಕ್ಕೆ ಎದ್ದರು.

"ಇದು ನಮ್ಮ ಅಜ್ಜನ ಸ್ಟುಡಿಯೋ ಮಾರಾಯ. ಕಂಬಿ ಮರದ್ದು. ಹಿಂದಿನದ್ದೆಲ್ಲ ಅವರೇ ಪೈಂಟ್ ಮಾಡಿದ ಪರದೆ."

ರುಡೊಲ್ಫ್ ಗೋಡೆಯತ್ತ ಇನ್ನೊಮ್ಮೆ ಕಣ್ಣು ಕಿರಿದು ಮಾಡಿ ನೋಡಿದ. ಆದರೂ ಆಸೆ ಬಿಡಲಿಲ್ಲ. "ನಿಜವಾದ ಹಡಗು ನೋಡಿಯೇ ಪೈಂಟ್ ಮಾಡಿದ್ದಲ್ವಾ ಬಾಯಿ?"

"ಇಲ್ಲಪ್ಪ, ಬಿಸ್ಕೆಟ್ ಡಬ್ಬಿಯ ಮುಚ್ಚಳ ನೋಡಿ."

ಮೂರೂ ಮನೆಯವರು ಲಿಲ್ಲಿಬಾಯಿಯ ಮೇಲೆ ಹರಿಹಾಯ್ದರು. ತಮ್ಮ ಮುತ್ತಜ್ಜಂದಿರು ಮುಂಬಯಿ ಕಂಡವರು, ದಾರಿಯಲ್ಲಿ ವಾಂತಿ ಮಾಡಿದ್ದೂ ಮನೆಯಲ್ಲಿ ಎಲ್ಲರಿಗೂ ಗೊತ್ತು ಎಂದರು. ಬೆಳಿಗ್ಗೆಯವರೆಗೆ ಆ ವಾಂತಿಯ ಸುದ್ದಿ ಯಾರಿಗೂ ಗೊತ್ತಿರಲಿಲ್ಲ. ಲಿಲ್ಲಿಬಾಯಿ ಹೇಳಿದ್ದೇ ಸರಿ ಎಂದು ರುಡೊಲ್ಫ್ ತೊದಲಿದ್ದೇ ತಡ, ಶಶಿಪ್ರಭಾ ಅವನತ್ತ ತಿರುಗಿದರು.

"ಹಡಗು ಇರಲಿಲ್ಲ ಅಂತ ಹೇಳ್ಲಿಕ್ಕೆ ನೀವ್ಯಾರು ರುಡೊಲ್ಫರೇ?"

'ಲೇಡಿ ಆಗ್ನೆಸ್' ಇದ್ದದ್ದು ನಿಜವೆಂದು ಈಗ ಮಣ್ಣಗುಡ್ಡದಲ್ಲಿ ಎಲ್ಲರೂ ಆಣೆ ಹಾಕುತ್ತಾರೆ. ಇರಲೇ ಇಲ್ಲವೇನೋ ಎಂಬ ಅನುಮಾನ ಹತ್ತಿರುವುದು ರುಡೊಲ್ಫ್ ಒಬ್ಬನಿಗೆ.